ಹಾರ್ಡ್ ಡಿಸ್ಕ್ ಕಪಾಟಿನಲ್ಲಿ ಸುಮ್ಮನೆ ಕೂರಬೇಕೆ?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕುರಿತು ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಬೆಂಗಳೂರಿನಲ್ಲಿರುವ ಮಗ ಒಂದು ಟಿಬಿಯ ಹಾರ್ಡ್ ಡಿಸ್ಕ್ ತಂದುಕೊಟ್ಟು, ಫೋಟೊಗಳನ್ನೆಲ್ಲ ಅದಕ್ಕೆ ಹಾಕಿ ಫೋನು ಖಾಲಿ ಮಾಡಿಕೊಳ್ಳಿ ಎಂದು ಹೇಳಿ ಹೋಗಿದ್ದಾನೆ. ಅಷ್ಟಕ್ಕೇ ಇಷ್ಟು ದೊಡ್ಡ ಡಿಸ್ಕ್ ಬೇಕೆ? ಮನೆಯಲ್ಲಿ ಇನ್ನಾವ ಕೆಲಸಕ್ಕೆ ಒದಗೀತು?
– ಓದುಗರು, ಹೊನ್ನಾವರ

ಉತ್ತರ: ಮಗನ ಮಾತಿನ ಮೊದಲರ್ಧವನ್ನು ಈಗಲೇ ಪಾಲಿಸಿ, ಉಳಿದರ್ಧಕ್ಕೆ ಸ್ವಲ್ಪ ತಡೆಯಿರಿ. ಫೋಟೊಗಳನ್ನು ಡಿಸ್ಕಿಗೆ ಹಾಕಿದ ಕೂಡಲೇ ಫೋನಿನಿಂದ ಅಳಿಸಿದರೆ ನಿಮ್ಮ ಬಳಿ ಉಳಿಯುವುದು ಮತ್ತೆ ಒಂದೇ ಪ್ರತಿ. ಅದು ಇರುವ ಜಾಗ ಬದಲಾಯಿತೇ ಹೊರತು ಸುರಕ್ಷತೆಯೇನೂ ಹೆಚ್ಚಲಿಲ್ಲ. ಡಿಸ್ಕ್ ಕೈಜಾರಿ ನೆಲಕ್ಕೆ ಬಿದ್ದ ದಿನ ಎಲ್ಲವೂ ಹೋಗಬಹುದು. ಅಳಿಸುವ ಮೊದಲು ಅವು ಇನ್ನೊಂದು ಕಡೆಯೂ ಇವೆ ಎಂಬುದನ್ನು ತೆರೆದು ನೋಡಿ ಖಚಿತಪಡಿಸಿಕೊಳ್ಳಿ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು; ಈಗ ಜಿಮೇಲ್, ಡ್ರೈವ್ ಎಲ್ಲಕ್ಕೂ ಸೇರಿ 15 ಜಿಬಿ ಮಾತ್ರ ಉಚಿತವಾಗಿರುವುದರಿಂದ, ಕಳೆದುಕೊಂಡರೆ ನಿಜಕ್ಕೂ ನೋವಾಗುವಂಥ ಫೋಟೊಗಳನ್ನು ಅಲ್ಲಿಡಿ, ಉಳಿದವುಗಳಿಗೆ ಎರಡನೆಯ ಡಿಸ್ಕ್ ಅಥವಾ ಮನೆಯ ಕಂಪ್ಯೂಟರು ಸಾಕು.

ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಯ ಮನೆಗಳಲ್ಲಿ ಈ ಡಿಸ್ಕಿಗೆ ಫೋಟೊಗಳಿಗಿಂತ ಮುಖ್ಯವಾದ ಕೆಲಸವೆಂದರೆ ಹಳೆಯ ಕಾಗದಪತ್ರ. ಪಹಣಿಯನ್ನು ಈಗ ಭೂಮಿ ತಂತ್ರಾಂಶದಿಂದ ಯಾವಾಗ ಬೇಕಾದರೂ ತೆಗೆಯಬಹುದು. ಆದರೆ 1974ರ ಭೂಸುಧಾರಣೆಯ ನಂತರ ಗೇಣಿದಾರರಾಗಿದ್ದ ಕುಟುಂಬಗಳಿಗೆ ಬಂದ ಭೂ ನ್ಯಾಯಮಂಡಳಿಯ ಆದೇಶ, ಗೇಣಿದಾರರಿಗೆ ಭೂಮಿಯ ಹಕ್ಕು ಸಿಕ್ಕಿದ್ದಕ್ಕೆ ಕೊಟ್ಟ ಪ್ರಮಾಣಪತ್ರವಾದ ಫಾರಂ 10, ಅಣ್ಣತಮ್ಮಂದಿರ ವಿಭಾಗ ಪತ್ರ, ಅಜ್ಜನ ಕಾಲದ ಕ್ರಯಪತ್ರ ಇವೆಲ್ಲ ಎಷ್ಟೋ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಬೂಷ್ಟು ಹಿಡಿಯುತ್ತಿವೆ, ಮಡಿಕೆಯ ಗೆರೆಯಲ್ಲಿ ಹರಿಯುತ್ತಿವೆ. ಅವುಗಳನ್ನು 300 ಡಿಪಿಐಯಲ್ಲಿ (ಅಂದರೆ ಇಂಚಿಗೆ 300 ಚುಕ್ಕೆಗಳ ಸ್ಪಷ್ಟತೆಯಲ್ಲಿ), ಬಣ್ಣದಲ್ಲೇ ಸ್ಕ್ಯಾನ್ ಮಾಡಿಸಿ. ಕಪ್ಪು-ಬಿಳುಪಿನಲ್ಲಿ ಮಾಡಿಸಿದರೆ ಮಾಸಿದ ಶಾಯಿಯೂ ಮೊಹರೂ ಕಾಣದೆ ಹೋಗುತ್ತವೆ. ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಬಿಡಬೇಡಿ. ಕಡತದ ಹೆಸರನ್ನು ವರ್ಷ, ಸರ್ವೆ ನಂಬರು, ದಾಖಲೆಯ ಹೆಸರು ಎಂಬ ಕ್ರಮದಲ್ಲಿ ಕೊಟ್ಟರೆ ಹುಡುಕುವುದು ಸುಲಭ. ಹಿಸ್ಸಾ ನಂಬರಿನ ಓರೆಗೆರೆಯನ್ನು ವಿಂಡೋಸ್ ಕಡತದ ಹೆಸರಿನಲ್ಲಿ ಒಪ್ಪುವುದಿಲ್ಲವಾದ್ದರಿಂದ 45/2 ಎಂಬುದನ್ನು 45-2 ಎಂದೇ ಬರೆಯಬೇಕಾಗುತ್ತದೆ. ಸ್ಕ್ಯಾನ್ ಪ್ರತಿ ಎಂದೂ ಮೂಲ ದಾಖಲೆಯಾಗುವುದಿಲ್ಲ, ನಿಜ. ಆದರೆ ಮೂಲ ಹಾಳಾದಾಗ ಯಾವ ಕಚೇರಿಯಲ್ಲಿ, ಯಾವ ನಂಬರಿನ, ಯಾವ ದಿನಾಂಕದ ಪ್ರತಿ ಕೇಳಬೇಕು ಎಂಬುದು ಅದರಿಂದ ತಿಳಿಯುತ್ತದೆ, ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.

ಮನೆಯಲ್ಲಿ ತಾಳಮದ್ದಳೆಯ ಅಥವಾ ಹಿರಿಯರ ಹಾಡಿನ ಕ್ಯಾಸೆಟ್ಟುಗಳಿದ್ದರೆ ಅವುಗಳಿಗೂ ಇದೇ ಜಾಗ. ಒಂದು ಗಂಟೆಯ ಕ್ಯಾಸೆಟ್ಟನ್ನು ಸಂಕುಚಿಸದೆ ವೇವ್ ಕಡತವಾಗಿ ಉಳಿಸಿದರೆ ಸುಮಾರು 600 ಎಂಬಿ ಆಗುತ್ತದೆ, ಅಂದರೆ ನಿಮ್ಮ ಡಿಸ್ಕಿನಲ್ಲಿ ನೂರಾರು ಕ್ಯಾಸೆಟ್ಟುಗಳು ಹಿಡಿಯುತ್ತವೆ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿಯ ಅಂಚಿಗೆ ಬಿಳಿಯ ಪುಡಿ ಕಂಡರೆ ಅದು ಬೂಷ್ಟು. ಅಂಥದನ್ನು ಹಾಗೆಯೇ ಹಾಕಿ ಕೇಳಬೇಡಿ, ಟೇಪ್ ರೆಕಾರ್ಡರಿನ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ.

ಕಂಪ್ಯೂಟರಿನ ಬ್ಯಾಕಪ್ ಕೆಲಸವನ್ನು ವಿಂಡೋಸ್‌ನಲ್ಲಿರುವ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿರುವ ಟೈಮ್ ಮಷಿನ್ ತಾವಾಗಿಯೇ ಮಾಡುತ್ತವೆ. ಆದರೆ ಬ್ಯಾಕಪ್ ಮುಗಿದ ಮೇಲೆ ಡಿಸ್ಕನ್ನು ಕಳಚಿಡಿ. ಸಿಡಿಲಿನ ದಿನಗಳಲ್ಲಿ ಕರೆಂಟಿನ ಏರಿಳಿತ ಕಂಪ್ಯೂಟರಿನೊಡನೆ ಅದಕ್ಕೆ ಜೋಡಿಸಿದ ಡಿಸ್ಕನ್ನೂ ಸುಡಬಲ್ಲದು. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್ಸಮ್‌ವೇರ್ ಕೂಡ ಜೋಡಣೆಯಲ್ಲಿರುವ ಡಿಸ್ಕನ್ನು ಬಿಡುವುದಿಲ್ಲ. ಸಾಧ್ಯವಾದರೆ ಎರಡನೆಯ ಪ್ರತಿಯೊಂದನ್ನು ಬೇರೆ ಊರಿನಲ್ಲಿಡಿ. 2019ರ ಆಗಸ್ಟಿನಲ್ಲಿ ಕಾಳಿ ಮತ್ತು ಗಂಗಾವಳಿ ತೀರದ ಮನೆಗಳಿಗೆ ನೀರು ನುಗ್ಗಿದ್ದನ್ನು ನಾವು ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಒಂದೇ ಕಪಾಟಿನಲ್ಲಿರುವ ಎರಡು ಡಿಸ್ಕುಗಳು ಒಟ್ಟಿಗೇ ಮುಳುಗುತ್ತವೆ. ನಿಮಗಂತೂ ಬೆಂಗಳೂರಿನಲ್ಲಿ ಮಗನ ಮನೆಯೇ ಇದೆ. ಆಧಾರ್, ಪಾನ್, ಬ್ಯಾಂಕ್ ದಾಖಲೆಗಳಿದ್ದರೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಆ ಭಾಗಕ್ಕೆ ಪಾಸ್‌ವರ್ಡ್ ಹಾಕಿ. ಅದನ್ನು ಮರೆತರೆ ಯಾರಿಂದಲೂ ತೆರೆಯಲಾಗದು, ಹಾಗಾಗಿ ಕಾಗದದಲ್ಲಿ ಬರೆದು ಡಿಸ್ಕಿನಿಂದ ದೂರ ಇಟ್ಟುಕೊಳ್ಳಿ.

ಪ್ರಶ್ನೆ: ಒಂದು ಟಿಬಿ ಎಂದು ಬರೆದಿರುವ ಡಿಸ್ಕ್ ಕಂಪ್ಯೂಟರಿನಲ್ಲಿ 931 ಜಿಬಿ ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರೇ?
– ಓದುಗರು, ಅಂಕೋಲಾ

ಉತ್ತರ: ಇಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ ಇದೆ. ಮೋಸ ನಡೆಯುವುದು ಬೇರೆ ಕಡೆ: 16 ಟಿಬಿ ಎಂದು ಹೇಳಿ ಅತಿ ಅಗ್ಗಕ್ಕೆ ಆನ್‌ಲೈನಿನಲ್ಲಿ ಮಾರುವ ಪುಟ್ಟ ಡಿಸ್ಕುಗಳನ್ನು ಕೊಳ್ಳಬೇಡಿ, ಅವುಗಳ ಒಳಗೆ ಅಷ್ಟು ಜಾಗವೇ ಇರುವುದಿಲ್ಲ.

ಪ್ರಶ್ನೆ: ನಮ್ಮೂರಿನ ಯಕ್ಷಗಾನವನ್ನು ಇಡೀ ರಾತ್ರಿ ಚಿತ್ರೀಕರಿಸಿದ್ದೇವೆ. ಟಿವಿಯಲ್ಲಿ ನೋಡಲು ಅನುಕೂಲವಾಗಲೆಂದು ಪರಿಚಿತರೊಬ್ಬರು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಕೊಟ್ಟರು. ಈಗ ದೊಡ್ಡ ವಿಡಿಯೊ ಅದಕ್ಕೆ ಕಾಪಿಯೇ ಆಗುತ್ತಿಲ್ಲ, ಜಾಗ ಮಾತ್ರ ಬೇಕಾದಷ್ಟಿದೆ.
– ಓದುಗರು, ಶಿರಸಿ

ಉತ್ತರ: ಡಿಸ್ಕ್ ಫ್ಯಾಟ್32 ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವಂತೆ ಕಾಣುತ್ತದೆ. ಆ ವಿಧಾನದಲ್ಲಿ ಒಂದು ಕಡತ 4 ಜಿಬಿಯನ್ನು ಮೀರುವಂತಿಲ್ಲ, ಡಿಸ್ಕ್ ಎಷ್ಟೇ ಖಾಲಿ ಇರಲಿ. ಫೋನಿನಲ್ಲಿ ಫುಲ್ ಎಚ್‌ಡಿ ಚಿತ್ರೀಕರಣಕ್ಕೆ ನಿಮಿಷಕ್ಕೆ ಸುಮಾರು 130 ಎಂಬಿ ಬೇಕಾಗುವುದುಂಟು. ಆ ಲೆಕ್ಕದಲ್ಲಿ ಅರ್ಧ ಗಂಟೆ ದಾಟುತ್ತಿದ್ದಂತೆಯೇ ಭಾಗವತರ ಪದ್ಯ 4 ಜಿಬಿಯ ಗಡಿ ಮುಟ್ಟುತ್ತದೆ, ಎಂಟು ಗಂಟೆಯ ಆಟ 60 ಜಿಬಿ ದಾಟುತ್ತದೆ. ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆ ಕಡೆ ಇಳಿಸಿಕೊಂಡು, ಅವು ತೆರೆಯುತ್ತವೆಯೇ ಎಂದು ನೋಡಿ, ಬಳಿಕ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡಿದಾಗ ಇದ್ದುದೆಲ್ಲ ಅಳಿಯುತ್ತದೆ ಎಂಬುದನ್ನು ಮರೆಯಬಾರದು. ಎಕ್ಸ್‌ಫ್ಯಾಟ್ ವಿಂಡೋಸ್, ಮ್ಯಾಕ್ ಎರಡರಲ್ಲೂ ನಡೆಯುತ್ತದೆ; ಕೆಲವು ಹಳೆಯ ಟಿವಿಗಳು ಅದನ್ನು ಗುರುತಿಸುವುದಿಲ್ಲ, ಅಂಥಲ್ಲಿ ಎನ್‌ಟಿಎಫ್‌ಎಸ್ ಪ್ರಯತ್ನಿಸಿ. ಡಿಸ್ಕ್ ತಿರುಗದೆ ದೀಪ ಮಾತ್ರ ಮಿಣುಕುತ್ತಿದ್ದರೆ ಟಿವಿಯ ಆ ಪೋರ್ಟಿನಿಂದ ಸಾಕಷ್ಟು ಕರೆಂಟು ಬರುತ್ತಿಲ್ಲವೆಂದು ತಿಳಿದು ಇನ್ನೊಂದು ಪೋರ್ಟಿಗೆ ಚುಚ್ಚಿ.

ಇಡೀ ಜಿಲ್ಲೆಗೆ ಇದು ಅಮೂಲ್ಯವಾದ ಸಂಗ್ರಹವೆಂದು ನಾನು ತಿಳಿದಿದ್ದೇನೆ. ಆದ್ದರಿಂದ ಒಂದು ಸಣ್ಣ ಶ್ರಮವನ್ನು ಕೇಳುತ್ತೇನೆ. ಪ್ರತಿ ಆಟದ ಫೋಲ್ಡರಿನಲ್ಲಿ ಒಂದು ಪಠ್ಯ ಕಡತವಿಟ್ಟು ಪ್ರಸಂಗ, ಮೇಳ, ಸ್ಥಳ, ತಾರೀಖು, ಭಾಗವತರು, ಮದ್ದಳೆ, ಚಂಡೆ, ಯಾವ ವೇಷ ಯಾರದು ಎಂಬುದನ್ನು ಬರೆದಿಡಿ. ಇಪ್ಪತ್ತು ವರ್ಷದ ಮೇಲೆ ನೋಡುವವರಿಗೆ ಬಣ್ಣದ ಹಿಂದಿನ ಮುಖ ಯಾರದೆಂದು ವಿಡಿಯೊ ಹೇಳುವುದಿಲ್ಲ. ಊರಿಗೆಲ್ಲ ಹಂಚುವ, ಅಂತರ್ಜಾಲಕ್ಕೆ ಏರಿಸುವ ಮೊದಲು ಮೇಳದವರ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಮಳೆಗಾಲವಿಡೀ ಕಪಾಟಿನಲ್ಲಿದ್ದ ಡಿಸ್ಕನ್ನು ಈಗ ಜೋಡಿಸಿದರೆ ಟಕ್ ಟಕ್ ಎಂಬ ಸದ್ದು ಬರುತ್ತದೆ, ಒಮ್ಮೊಮ್ಮೆ ಫಾರ್ಮ್ಯಾಟ್ ಮಾಡಿ ಎಂದು ಕೇಳುತ್ತದೆ. ಏನು ಮಾಡಲಿ? ಇನ್ನು ಮುಂದೆ ಎಸ್‌ಎಸ್‌ಡಿ (ಚಿಪ್ಪುಗಳಲ್ಲಿ ಮಾಹಿತಿ ಉಳಿಸುವ ಡಿಸ್ಕ್) ಕೊಳ್ಳುವುದು ಒಳ್ಳೆಯದೆ?
– ಓದುಗರು, ಕಾರವಾರ

ಉತ್ತರ: ಫಾರ್ಮ್ಯಾಟ್ ಒತ್ತಲೇಬೇಡಿ. ಮೊದಲು ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿ ಅದರ ಕೇಬಲ್ಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಕರಾವಳಿಯ ಉಪ್ಪುಗಾಳಿಗೆ ಲೋಹದ ತಗಡು ಹಸಿರಾಗಿ ಅಥವಾ ಮಂಕಾಗಿ ಕಂಡರೆ ಬೇರೊಂದು ಒಳ್ಳೆಯ, ಗಿಡ್ಡ ಕೇಬಲ್ ಬಳಸಿ, ಹಬ್ ಇಲ್ಲದೆ ನೇರವಾಗಿ ಲ್ಯಾಪ್‌ಟಾಪಿಗೆ ಒಮ್ಮೆ ಮಾತ್ರ ಜೋಡಿಸಿ. ಕರೆಂಟು ಸಾಲದಿದ್ದಾಗಲೂ ಇಂಥದೇ ಸದ್ದು ಬರುತ್ತದೆ. ಆಗ ತೆರೆದುಕೊಂಡರೆ ಬೇರೇನನ್ನೂ ಮಾಡದೆ ಮುಖ್ಯವಾದ ಕಡತಗಳನ್ನು ಹೊರಗೆ ತೆಗೆದುಕೊಳ್ಳಿ. ಸದ್ದು ಮುಂದುವರಿದರೆ ಕೂಡಲೇ ಕಳಚಿ. ಒಳಗೆ ತಿರುಗುವ ತಟ್ಟೆಯ ಮೇಲೆ ಓಡಾಡುವ ಹೆಡ್ ಕೆಟ್ಟಿರುವ ಸಾಧ್ಯತೆಯಿದ್ದು, ಚಾಲೂ ಇಟ್ಟ ಪ್ರತಿ ನಿಮಿಷವೂ ತಟ್ಟೆಯನ್ನು ಗೀರಬಹುದು. ಫ್ರಿಜ್ಜಿನಲ್ಲಿಡುವುದು, ಮನೆಯಲ್ಲೇ ಮುಚ್ಚಳ ಬಿಚ್ಚುವುದು ಬೇಡ. ಧೂಳಿಲ್ಲದ ಕೊಠಡಿಯಿರುವ ಡೇಟಾ ರಿಕವರಿ ಕೇಂದ್ರಕ್ಕೆ ಒಯ್ಯಬೇಕಾಗುತ್ತದೆ. ಖರ್ಚು ಹೊಸ ಡಿಸ್ಕಿನ ಬೆಲೆಯನ್ನು ಬಹಳ ಮೀರುತ್ತದೆ, ಹಾಗಾಗಿ ಒಳಗಿರುವುದರ ಬೆಲೆ ನೋಡಿ ತೀರ್ಮಾನಿಸಿ.

ಇಂಥ ಡಿಸ್ಕುಗಳಲ್ಲಿ ಗಾಳಿಯಾಡಲು ಫಿಲ್ಟರ್ ಇರುವ ಸಣ್ಣ ರಂಧ್ರವಿರುತ್ತದೆ, ಫಿಲ್ಟರ್ ಧೂಳನ್ನು ತಡೆದರೂ ತೇವವನ್ನು ಪೂರ್ತಿ ತಡೆಯುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎ.ಸಿ. ಕೋಣೆಯಿಂದ ಹೊರತಂದ ಡಿಸ್ಕನ್ನು ಅರ್ಧ ಗಂಟೆ ಹಾಗೇ ಬಿಟ್ಟು ಆಮೇಲೆ ಜೋಡಿಸಿ. ಎರಡು ಮೂರು ತಿಂಗಳಿಗೊಮ್ಮೆ ಹೊರತೆಗೆದು ನಾಲ್ಕಾರು ಕಡತಗಳನ್ನು ತೆರೆದು ನೋಡುವುದು ಒಳ್ಳೆಯದು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲ. ದೇವಿಮನೆ ಘಟ್ಟದಲ್ಲಿ ಬೈಕಿನ ಚೀಲದಲ್ಲಿ ಹೊತ್ತು ತಿರುಗುವ ಛಾಯಾಗ್ರಾಹಕರಿಗೆ ಅದೇ ಸರಿ. ವರ್ಷಗಟ್ಟಲೆ ಕರೆಂಟಿಲ್ಲದೆ ಕಪಾಟಿನಲ್ಲಿಡುವ ಸಂಗ್ರಹಕ್ಕೆ ಅದನ್ನು ಸೂಚಿಸಲಾರೆ, ಏಕೆಂದರೆ ಅದರಲ್ಲಿ ಮಾಹಿತಿ ವಿದ್ಯುತ್ ಆವೇಶದ ರೂಪದಲ್ಲಿದ್ದು ದೀರ್ಘಕಾಲದಲ್ಲಿ ಸೋರಬಹುದು. ನಿಮ್ಮ ಬಳಕೆ ಕಪಾಟಿನದ್ದೇ ಆಗಿರುವುದರಿಂದ, ಒಂದು ದುಬಾರಿ ಎಸ್‌ಎಸ್‌ಡಿಯ ಹಣದಲ್ಲಿ ಎರಡು ಸಾಧಾರಣ ಹಾರ್ಡ್ ಡಿಸ್ಕುಗಳನ್ನು, ಸಾಧ್ಯವಾದರೆ ಬೇರೆ ಬೇರೆ ಕಂಪನಿಯವನ್ನು, ಕೊಂಡು ಎರಡರಲ್ಲೂ ಅವೇ ಕಡತಗಳನ್ನು ತುಂಬಿಸಿಡಿ.