ಪ್ರಸಂಗದ ನಿದ್ದೆಯೂ ಚುಟುಕದ ಹದವೂ

ಪ್ರಶ್ನೆ: ನಮ್ಮ ಸಭೆಯ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಓದಲೆಂದು ಕೆಲವು ಹಾಸ್ಯ ಚುಟುಕಗಳನ್ನು ಬರೆದಿದ್ದೇನೆ. ಬೈಬಲಿನಲ್ಲಿ ಅಪೊಸ್ತಲ ಪೌಲನ ಬೋಧೆ ಕೇಳುತ್ತ ನಿದ್ದೆಹೋಗಿ ಕಿಟಕಿಯಿಂದ ಬಿದ್ದ ಯೂತಿಖನನ್ನು ಕುರಿತ ಒಂದು ಹೀಗಿದೆ:

ಪೌಲನ ಬೋಧೆಗೆ ಯೂತಿಖ ಬಿದ್ದ,
ಓಡಿದ ಬೋಧಕ, ಎತ್ತಿದ, ಎದ್ದ;
ನಮ್ಮಲಿ ನಿದ್ದೆಗೆ ಬೀಳುವರುಂಟು,
ಎತ್ತುವುದೋ ಬರಿ ಕಾಣಿಕೆ ಗಂಟು!

ಇನ್ನೊಂದರಲ್ಲಿ ಶಿಲುಬೆಯ ಮೊಳೆಗಳ ಬೆಲೆಯನ್ನು ಕುರಿತು ತಮಾಷೆ ಮಾಡಿದ್ದೇನೆ. ಸಭೆಯ ಹಿರಿಯರೊಬ್ಬರು ಇವನ್ನು ನೋಡಿ, ವಿಶ್ವಾಸದ ವಿಷಯದಲ್ಲಿ ಹಾಸ್ಯವೇ ಕೂಡದು ಎಂದರು. ತಮ್ಮ ಅಭಿಪ್ರಾಯವೇನು?
— ಒಬ್ಬ ಓದುಗ, ಧಾರವಾಡ

ಉತ್ತರ: ಹಿರಿಯರ ಮಾತನ್ನು ಪೂರ್ತಿಯಾಗಿ ಒಪ್ಪಿದರೆ ಸುವಾರ್ತೆಯ ಎಷ್ಟೋ ವಾಕ್ಯಗಳನ್ನು ಬಿಟ್ಟು ಓದಬೇಕಾಗುತ್ತದೆ. ತನ್ನ ಕಣ್ಣಿನಲ್ಲಿ ತೊಲೆಯನ್ನಿಟ್ಟುಕೊಂಡು ಸಹೋದರನ ಕಣ್ಣಿನ ರವೆಯನ್ನು ತೆಗೆಯಲು ಹೊರಟವನ ಚಿತ್ರವನ್ನಾಗಲಿ, ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಚಿತ್ರವನ್ನಾಗಲಿ ಕೊಟ್ಟವನು ಯೇಸುವೇ, ಮತ್ತು ಅದನ್ನು ಕೇಳಿದ ಜನ ಮುಖ ಬಿಗಿದುಕೊಂಡೇ ಕುಳಿತಿದ್ದರೆಂದು ನಂಬುವುದು ನನಗಂತೂ ಕಷ್ಟ. ಇನ್ನು ದೇವರೊಡನೆ ಸಲಿಗೆಯ ಮಾತಿಗೆ ಬಂದರೆ, ನಮ್ಮ ಹರಿದಾಸರ ನಿಂದಾಸ್ತುತಿಯನ್ನು ಬಲ್ಲ ಕನ್ನಡಿಗರಿಗೆ ಬೈಬಲಿನ 44ನೆಯ ಕೀರ್ತನೆ ಹೊಸತೆನಿಸಲಾರದು. ಅಲ್ಲಿ ಭಕ್ತನು, ಕರ್ತನೇ ಏಕೆ ನಿದ್ರಿಸುತ್ತೀ, ಎಚ್ಚರಗೊಳ್ಳು ಎಂದು ದೇವರನ್ನೇ ಕೂಗಿ ಎಬ್ಬಿಸುತ್ತಾನೆ. ಅದು ಹುಟ್ಟಿದ್ದು ಸಂಕಟದಿಂದ, ನಗೆಯಿಂದಲ್ಲ. ಆದರೆ ಅಂಥ ಸಲಿಗೆ ಇಲ್ಲದವನು ಭಕ್ತಿಯ ಹಾಸ್ಯವನ್ನು ಬರೆಯಲು ಹೊರಟರೆ ಹೊರಗಿನವನ ಕುಹಕವಾಗಿಬಿಡುತ್ತದೆ.

ನಿಮ್ಮ ಮೊದಲ ಚುಟುಕ ಚೆನ್ನಾಗಿದೆ. ದಿನಕರ ದೇಸಾಯಿಯವರು ನಮ್ಮ ನಾಲಿಗೆಗೆ ಹತ್ತಿಸಿದ ನಾಲ್ಕು ಸಾಲಿನ ಈ ಪ್ರಕಾರದಲ್ಲಿ ಕೊನೆಯ ಸಾಲು ಪೆಟ್ಟು ಕೊಡಬೇಕು, ಆ ಪೆಟ್ಟಿಗೆ ಬೇಕಾದ ಸಿದ್ಧತೆ ಮೊದಲೇ ಆಗಿರಬೇಕು. ಎರಡನೆಯ ಸಾಲಿನ ‘ಎತ್ತಿದ’ ನಾಲ್ಕನೆಯದರಲ್ಲಿ ಕಾಣಿಕೆ ಎತ್ತುವುದಾಗಿ ತಿರುಗುವುದರಿಂದ ಅದು ನಿಮಗೆ ಸಾಧಿಸಿದೆ. ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳ 20ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ತ್ರೋವ ಪಟ್ಟಣದಲ್ಲಿ ಮೂರನೆಯ ಅಂತಸ್ತಿನ ಕಿಟಕಿಯಿಂದ ಬಿದ್ದ ಹುಡುಗನನ್ನು ಅಪ್ಪಿಕೊಂಡು, ಪ್ರಾಣವಿದೆಯೆಂದು ಧೈರ್ಯ ಹೇಳಿದ ಪೌಲನು ಮತ್ತೆ ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತು ಮುಂದುವರಿಸಿದನು! ಒಬ್ಬನು ಬಿದ್ದರೂ ಪ್ರಸಂಗ, ಅಂದರೆ ಬೋಧೆ, ನಿಲ್ಲಲಿಲ್ಲವೆಂಬ ಈ ಸಂಗತಿಯನ್ನು ನೀವು ಕೈಬಿಟ್ಟಿದ್ದೀರಿ. ಅದಕ್ಕೆ ಇನ್ನೊಂದು ಚುಟುಕವೇ ಬೇಕು, ಮತ್ತು ಅದರಲ್ಲಿ ಸಭಾಪಾಲಕರ ಜೊತೆಗೆ ತೂಕಡಿಸುವ ನೀವೂ ಇರಬೇಕು.

ಮೊಳೆಯ ಚುಟುಕವನ್ನು ಓದಬೇಡಿ. ಅಲ್ಲಿ ನಗೆಗೆ ಗುರಿಯಾಗುವುದು ನೋಯುತ್ತಿರುವ ದೇಹ. ಶಿಲುಬೆಯ ಕೆಳಗೆ ನಿಂತು ಅಪಹಾಸ್ಯ ಮಾಡಿದವರ ಮಾತುಗಳನ್ನು ಸುವಾರ್ತೆಗಳೇ ದಾಖಲಿಸಿವೆ. ಓದುವ ಕ್ಷಣದಲ್ಲಿ ನಿಮ್ಮ ದನಿ ಅವರ ದನಿಯೊಡನೆ ಸೇರಿಕೊಳ್ಳುತ್ತದೆ, ನಿಮ್ಮ ಉದ್ದೇಶ ಏನೇ ಇರಲಿ. ಹಾಗೆಯೇ ಯೇಸುವಿನ ಕಾಲದ ಕಟ್ಟುನಿಟ್ಟಿನ ಯೆಹೂದಿ ಪಂಥದವರಾದ ಫರಿಸಾಯರನ್ನು ಹಿಡಿದು ಇಡೀ ಯೆಹೂದಿ ಜನರನ್ನು ಗೇಲಿ ಮಾಡುವುದೂ, ಪಕ್ಕದ ಚರ್ಚಿನವರ ಪದ್ಧತಿಯನ್ನು ಆಡಿಕೊಳ್ಳುವುದೂ ಸುಲಭದ ನಗೆ, ಅಗ್ಗದ್ದು.

ಭಾಷೆಯ ವಿಷಯದಲ್ಲಿ ಒಂದು ಸಲಹೆ. ‘ನಿಮಗೆ ನಿಜನಿಜವಾಗಿ ಹೇಳುತ್ತೇನೆ’ ಎಂಬಂಥ ಕನ್ನಡ ಬೈಬಲಿನ ಗಂಭೀರ ಧಾಟಿಯನ್ನು ಬಿರಿಯಾನಿಯ ಸಾಲಿನಲ್ಲಿ ನಿಂತವರ ಬಾಯಲ್ಲಿ ಇಟ್ಟು ನೋಡಿ. ಪ್ರತಿ ವಾರ ಅದನ್ನು ಕೇಳಿದ ಕಿವಿಗಳು ತಕ್ಷಣ ಹಿಡಿಯುತ್ತವೆ. ವಸ್ತು ಬೇಕೆಂದರೆ ಬೈಬಲಿನ ಪ್ರವಾದಿ ಯೋನನಿದ್ದಾನೆ. ಎಲ್ಲರೂ ಅವನನ್ನು ನುಂಗಿದ ಮೀನಿನ ಹೊಟ್ಟೆಯನ್ನೇ ಹಾಡುತ್ತಾರೆ, ಆದರೆ ಹಾಸ್ಯವಿರುವುದು ನಾಲ್ಕನೆಯ ಅಧ್ಯಾಯದಲ್ಲಿ: ನಾಶವಾಗುವುದೆಂದು ತಾನೇ ಸಾರಿದ ನಿನೆವೆ ಪಟ್ಟಣ ಉಳಿದುಕೊಂಡಿತೆಂದು ಮುನಿಸು, ತನಗೆ ನೆರಳಾಗಿದ್ದ ಸೋರೆಗಿಡ ಒಣಗಿತೆಂದು ಸಾಯುವಷ್ಟು ಸಿಟ್ಟು. 1,20,000ಕ್ಕೂ ಹೆಚ್ಚು ಜನ ಮತ್ತು ಬಹಳ ದನಗಳಿರುವ ಊರಿಗಾಗಿ ನಾನು ಮರುಗಬಾರದೋ ಎಂದು ದೇವರು ಕೇಳುವ ಪ್ರಶ್ನೆಗೆ ಪ್ರವಾದಿ ಏನೂ ಹೇಳದಿರುವಾಗಲೇ ಪುಸ್ತಕ ಮುಗಿದುಹೋಗುತ್ತದೆ. ಆ ದನಗಳನ್ನು ಮಾತ್ರ ಬಿಡಬೇಡಿ.