ಮನ್ಯಾಗ ನುಡಿಸಾಕ 15 ವ್ಯಾಟ್ ಭರ್ತಿ ಸಾಕ್ರೀ ಸರ್

ನಮಸ್ಕಾರ್ರೀ ಸರ್, ರಿಟೈರ್ಮೆಂಟ್ ದುಡ್ಡಿನಾಗ ಗಿಟಾರಿಗೆ ಒಂದು ಛಲೋ ವಾಲ್ವ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಸೌಂಡ್ ಜೋರು ಮಾಡೂ ಆಂಪ್ಲಿಫೈಯರ್) ತಗೋಬೇಕು, ಕೊಪ್ಪಳದ ಮನಿಗೆ ಫೆಂಡರ್ ಟ್ವಿನ್ ರಿವರ್ಬ್ ಹೆಂಗ ಅಂತ ಕೇಳೀರಿ. ಸೌಂಡ್ ಬಗ್ಗೆ ಎರಡು ಮಾತಿಲ್ರಿ, ಆದ್ರ ಅದು 85 ವ್ಯಾಟು, ತೂಕ 29 ಕೆಜಿ ಹತ್ರ, ಮ್ಯಾಲಿನ ರೂಮಿಗೆ ಒಬ್ಬರ ಎತ್ತೂದು ಕಷ್ಟ, ಮತ್ತ ವಾಲ್ವಿನ ಖರೇ ರುಚಿ ಬರೂದು ಅದು ಸ್ವಲ್ಪ ಜೋರಾಗಿ ದುಡಿದಾಗ, ಟ್ವಿನ್ನನ್ನ ಅಲ್ಲಿಗಂಟ ಏರಿಸಿದ್ರ ಓಣಿ ಮಂದಿ ಎಲ್ಲಾ ಬಾಗಲಿಗೆ ಬರ್ತಾರ.

ನನ್ನ ಕೇಳಿದ್ರ ವಾಕ್ಸ್ ಎಸಿ15 ತಗೋರಿ, ಇಲ್ಲಾ ಫೆಂಡರ್ ಬ್ಲೂಸ್ ಜೂನಿಯರ್. ಎರಡೂ 15 ವ್ಯಾಟು, 12 ಇಂಚಿನ ಒಂದ ಸ್ಪೀಕರು. ಸಣ್ಣದಾತು ಅನ್ಕೋಬ್ಯಾಡ್ರಿ, ಕಿವಿಗೆ ಡಬಲ್ ಜೋರು ಕೇಳಾಕ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕಾಗ್ತದ, ಅಂದ್ರ 85ಕ್ಕೂ 15ಕ್ಕೂ ನೀವು ತಿಳಕೊಂಡಷ್ಟು ಫರಕ್ ಇಲ್ಲ. ಟ್ರೆಮೊಲೊ (ಸೌಂಡ್ ಅಲಿ ಹಂಗ ಏರಿ ಇಳಿಯೂದು) ಬೇಕಂದ್ರ ಎಸಿ15ರ ಸಿ1 ಮಾಡೆಲ್ ತಗೋರಿ, ಜೂನಿಯರ್‌ನಾಗ ಅದು ಇರೂದಿಲ್ಲ.

ಒಂದು ಮಾತ್ರ ಮರೀಬ್ಯಾಡ್ರಿ, ಅಮೆರಿಕಾದಿಂದ ಯಾರ ಕಡೆಯಿಂದರ ತರಿಸೋದಾದ್ರ ಹಿಂದ ವೋಲ್ಟೇಜ್ ಏನು ಬರದಾರ ನೋಡ್ರಿ, ಅಲ್ಲಿ 120, ನಮ್ಮಲ್ಲಿ 230, ಹಂಗ ನೇರ ಹಚ್ಚಿದ್ರ ಸುಟ್ಟುಹೋಗ್ತದ. ಬೆಂಗಳೂರಿಗೆ ಹೋದಾಗ ನಿಮ್ಮ ಗಿಟಾರ್ ಒಯ್ದು, ಮನ್ಯಾಗ ನುಡಿಸೂವಷ್ಟ ವಾಲ್ಯೂಮಿನಾಗ ಎರಡೂ ಕೇಳಿ ನೋಡಿ ಆಮ್ಯಾಲೆ ರೊಕ್ಕ ಕೊಡ್ರಿ.