ಬಪ್ಪಂಗಾಯಿಯ ಸಿಹಿ, ಸೊನೆ ಮತ್ತು ಒಂದು ಗಂಡು ಮರ

ಪ್ರಶ್ನೆ: ಸರ್, ನಾನು ಯಾವಾಗಲೂ ಚಂದ ಹಳದಿ ಇರುವ ಪಪ್ಪಾಯಿಯನ್ನೇ ಆರಿಸಿ ತರುತ್ತೇನೆ. ತುಂಡು ಮಾಡಿದರೆ ಸಪ್ಪೆ. ಒಮ್ಮೆಯಂತೂ ಒಳಗೆ ಬೀಜ ಕೂಡ ಬೆಳ್ಳಗಿತ್ತು. ನಾಲ್ಕು ದಿನ ಇಟ್ಟರೆ ಸಿಹಿಯಾಗುತ್ತದೆ ಅಂತ ಅಂಗಡಿಯವರು ಹೇಳ್ತಾರೆ, ಆಗುವುದೇ ಇಲ್ಲ. ಎಂತ ಮಾಡುವುದು?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಅಂಗಡಿಯವರ ಮಾತು ಬಾಳೆಹಣ್ಣಿಗೆ, ಮಾವಿಗೆ ಸರಿ. ಬಪ್ಪಂಗಾಯಿಗೆ ಅಲ್ಲ. ಬಲಿತ ಬಾಳೆಕಾಯಿಯಲ್ಲಿ ಪಿಷ್ಟ ತುಂಬಿರುತ್ತದೆ. ಕೊಯ್ದ ಮೇಲೂ ಅದು ಸಕ್ಕರೆಯಾಗುತ್ತಾ ಹೋಗುತ್ತದೆ. ಪಪ್ಪಾಯಿಯಲ್ಲಿ ಆ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ. ಮರದಲ್ಲಿರುವಾಗ ಎಷ್ಟು ಸಿಹಿ ಇಳಿಯಿತೋ ಅಷ್ಟೇ. ಕೊಯ್ದ ಮೇಲೆ ಬಣ್ಣ ಬರುತ್ತದೆ, ಮೆತ್ತಗಾಗುತ್ತದೆ, ಪರಿಮಳವೂ ಬರಬಹುದು. ಸಿಹಿ ಮಾತ್ರ ಏರುವುದಿಲ್ಲ. ಬೀಜ ಬೆಳ್ಳಗಿತ್ತು ಅಂದಿರಲ್ಲ, ಅದು ಬಲಿಯುವ ಮೊದಲೇ ಕಿತ್ತ ಕಾಯಿ. ಬಲಿತದ್ದರ ಬೀಜ ಕಪ್ಪಗಿರುತ್ತದೆ.

ಹಳದಿಯನ್ನು ಹೊರಗಿನಿಂದಲೂ ತರಿಸಬಹುದು. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಗಿಸುವುದಕ್ಕೆ ನಿಷೇಧ ಉಂಟು. ಎಥಿಲೀನ್ ಅನಿಲಕ್ಕೆ 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ ನೂರು ಪಾಲಿನವರೆಗೆ, ಅನುಮತಿ ಉಂಟು. ಆದರೆ ಯಾವುದನ್ನು ಹಾಕಿದರೂ ಎಳೆ ಕಾಯಿಗೆ ಸಿಹಿ ಬರುವುದಿಲ್ಲ.

ನಾನು ಅಂಗಡಿಯಲ್ಲಿ ಮೊದಲು ನೋಡುವುದು ಹಣ್ಣಿನ ತುದಿಯನ್ನು, ಅಂದರೆ ತೊಟ್ಟಿಗೆ ಎದುರಿನ ಭಾಗ. ಪಪ್ಪಾಯಿ ಮಾಗಲು ಶುರುವಾಗುವುದೇ ಅಲ್ಲಿಂದ. ತುದಿಯಿಂದ ಮೇಲಕ್ಕೆ ಎರಡೋ ಮೂರೋ ಹಳದಿ ಗೆರೆ ಹತ್ತಿರಬೇಕು, ಉಳಿದದ್ದು ಹಸಿರಿದ್ದರೂ ಪರವಾಗಿಲ್ಲ. ಅಂಥದ್ದು ಮನೆಯಲ್ಲಿ ಎರಡು ಮೂರು ದಿನಕ್ಕೆ ಚೆನ್ನಾಗಿ ಹಣ್ಣಾಗುತ್ತದೆ. ಆಮೇಲೆ ಕೈಯಲ್ಲಿ ಎತ್ತಿ ನೋಡಿ, ಗಾತ್ರಕ್ಕೆ ತಕ್ಕ ಭಾರ ಬೇಕು. ಇವತ್ತೇ ತಿನ್ನುವುದಾದರೆ ತೊಟ್ಟಿನ ಹತ್ತಿರ ಹೆಬ್ಬೆರಳಿಂದ ಮೆಲ್ಲ ಒತ್ತಿ, ಸ್ವಲ್ಪ ಬಗ್ಗಬೇಕು. ಸುಮ್ನೆ ಎಲ್ಲಾ ಹಣ್ಣನ್ನೂ ಒತ್ತಿ ಇಡಬೇಡಿ ಮಾರಾಯ್ರೆ, ಒತ್ತಿದ ಜಾಗ ಮರುದಿನ ಕೊಳೆಯುತ್ತದೆ. ಗುಂಡಗಿನ ಹಣ್ಣು ಹೆಣ್ಣು ಮರದ್ದು, ಒಳಗಿನ ಪೊಳ್ಳು ದೊಡ್ಡದು. ಉದ್ದದ್ದು ದ್ವಿಲಿಂಗಿ ಮರದ್ದು, ತಿರುಳು ದಪ್ಪ. ಅದೇ ತೂಕಕ್ಕೆ ಉದ್ದದ್ದರಲ್ಲೇ ತಿನ್ನಲು ಜಾಸ್ತಿ ಸಿಗುತ್ತದೆ.

ಮನೆಗೆ ತಂದ ಕೂಡಲೇ ಫ್ರಿಜ್ಜಿಗೆ ತಳ್ಳಬೇಡಿ. 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ದೋರೆಗಾಯಿ ಕೆಡುತ್ತದೆ, ಹೊರಗೆ ತೆಗೆದಿಟ್ಟರೂ ಮತ್ತೆ ಸರಿಯಾಗಿ ಹಣ್ಣಾಗುವುದಿಲ್ಲ. ಪೇಪರಿನಲ್ಲಿ ಸುತ್ತಿ ಒಂದು ಬಾಳೆಹಣ್ಣಿನ ಜೊತೆ ಇಡಿ. ಪೂರ್ತಿ ಹಣ್ಣಾದ ಮೇಲೆ ಫ್ರಿಜ್ಜು.

ಇನ್ನೊಂದು, ಆಟಿ ತಿಂಗಳಲ್ಲಿ ತಂದ ಹಣ್ಣಾದರೆ ನನ್ನನ್ನು ಬಯ್ಯಬೇಡಿ. ನಮ್ಮ ಕರಾವಳಿಯ ಆ ಮಳೆಗೆ, ಬಿಸಿಲಿಲ್ಲದ ದಿನಗಳಿಗೆ ಒಳ್ಳೆ ಮರದ ಹಣ್ಣೂ ನೀರು ನೀರಾಗುತ್ತದೆ. ಲಿಂಬೆರಸ, ಚಿಟಿಕೆ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ತಿನ್ನಿ. ಇಲ್ಲವೇ ಬೇಸಗೆಗೆ ಕಾಯಿರಿ.

ಪ್ರಶ್ನೆ: ಮಕ್ಕಳಿಗೆ ಅಂತ ಬೆಳಗ್ಗೆ ಪಪ್ಪಾಯಿ ಮಿಲ್ಕ್‌ಶೇಕ್ ಮಾಡಿ ಫ್ರಿಜ್ಜಲ್ಲಿಟ್ಟೆ. ಸಂಜೆ ನೋಡಿದರೆ ಕಹಿ. ಹಾಲು ಒಡೆದಿರಲಿಲ್ಲ, ಹಣ್ಣೂ ಚೆನ್ನಾಗಿತ್ತು.
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ತಪ್ಪು ಹಾಲಿನದ್ದೂ ಅಲ್ಲ, ನಿಮ್ಮದೂ ಅಲ್ಲ. ಪಪ್ಪಾಯಿ ಕಾಯಿಗೆ ಉಗುರು ತಾಗಿಸಿದರೆ ಬಿಳಿ ಸೊನೆ ಒಸರುತ್ತದೆ ಅಲ್ವಾ, ಅದರಲ್ಲಿ ಪಪೈನ್ ಎಂಬ ಕಿಣ್ವ ಇರುತ್ತದೆ. ಪ್ರೋಟೀನನ್ನು ತುಂಡು ತುಂಡು ಮಾಡುವುದು ಅದರ ಕೆಲಸ. ಹಣ್ಣಾದಂತೆ ಸೊನೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಹಾಲಿನ ಪ್ರೋಟೀನ್ ಒಡೆದಾಗ ಬರುವ ಕೆಲವು ತುಣುಕುಗಳು ಕಹಿ. ಫ್ರಿಜ್ಜಲ್ಲಿ ಈ ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ ಸಿಪ್ಪೆ ದಪ್ಪಕ್ಕೆ ತೆಗೆಯಿರಿ, ಮಾಡಿದ ಕೂಡಲೇ ಕುಡಿಸಿ. ಇಡಲೇಬೇಕಾದರೆ ತಿರುಳನ್ನು ಮೊದಲು ಚೆನ್ನಾಗಿ ಕುದಿಸಿ, ತಣಿಸಿ, ಆಮೇಲೆ ಹಾಲು ಸೇರಿಸಿ. ಕುದಿಯುವ ಬಿಸಿಗೆ ಪಪೈನ್ ಸೋಲುತ್ತದೆ.

ಈ ಪಾಠ ನಾನು ಕಲಿತದ್ದು ಪುಸ್ತಕದಿಂದಲ್ಲ. ಮಗಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಗಡ್‌ಬಡ್ ಐಸ್‌ಕ್ರೀಂ ಮಾಡುತ್ತೇನೆ ಅಂತ ಹೊರಟಿದ್ದೆ. ಜೆಲ್ಲಿಗೆ ತಾಜಾ ಪಪ್ಪಾಯಿ ಚೂರು ಹಾಕಿಟ್ಟೆ. ರಾತ್ರಿಯಿಡೀ ಫ್ರಿಜ್ಜಲ್ಲಿದ್ದರೂ ಅದು ಗಟ್ಟಿಯಾಗಲೇ ಇಲ್ಲ. ಬೆಳಗ್ಗೆ ಬಟ್ಟಲು ವಾಲಿಸಿದರೆ ಕೆಂಪು ಶರಬತ್ತು! ಜೆಲಾಟಿನ್ ಕೂಡ ಪ್ರೋಟೀನೇ ತಾನೆ. ಚೈನಾ ಗ್ರಾಸ್ ಬಳಸಿದ್ದರೆ ಆಗುತ್ತಿತ್ತು, ಅದು ಕಡಲಪಾಚಿಯದ್ದು, ಪ್ರೋಟೀನಲ್ಲ.

ಇದೇ ಗುಣ ಮಾಂಸದ ಅಡುಗೆಯಲ್ಲಿ ವರ. ಬಲಿತ ಆಡಿನ ಮಾಂಸಕ್ಕೆ ಅರೆದ ಹಸಿ ಬಪ್ಪಂಗಾಯಿ ಒಂದೆರಡು ಚಮಚ ಹಚ್ಚಿ ಅರ್ಧ ಗಂಟೆ ಇಡಿ. ರಾತ್ರಿಯಿಡೀ ಇಟ್ಟರೆ ಮುದ್ದೆಯಾಗುತ್ತದೆ. ಪಲ್ಯ ಮಾಡುವವರು ಕಾಯಿಗೆ ಉದ್ದಕ್ಕೆ ನಾಲ್ಕು ಗೀರು ಹಾಕಿ, ಸೊನೆ ಇಳಿಯಲು ಬಿಟ್ಟು, ಸಿಪ್ಪೆ ತೆಗೆದು ಉಪ್ಪುನೀರಲ್ಲಿ ತೊಳೆಯಿರಿ. ಹಲಸಿನ ಮೇಣಕ್ಕೆ ಮಾಡುವ ಹಾಗೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡರೆ ತುರಿಕೆ ಇಲ್ಲ. ಸಾಸಿವೆ, ಉದ್ದಿನಬೇಳೆ, ಒಣಮೆಣಸು, ಕರಿಬೇವಿನ ಒಗ್ಗರಣೆ, ಸ್ವಲ್ಪ ಬೆಲ್ಲ, ಕೊನೆಗೆ ಕಾಯಿತುರಿ. ಕುಚ್ಚಲಕ್ಕಿ ಗಂಜಿಗೆ ಇದರಷ್ಟು ಹೊಂದುವ ಪಲ್ಯ ಕಡಿಮೆ ಅಂತ ನನ್ನ ಅಭಿಪ್ರಾಯ, ಮನೆಯವರು ಒಪ್ಪುವುದಿಲ್ಲ.

ಪ್ರಶ್ನೆ: ಮಗಳು ಈಗ ನಾಲ್ಕು ತಿಂಗಳ ಗರ್ಭಿಣಿ. ಪಪ್ಪಾಯಿಯ ಹೆಸರೆತ್ತಿದರೆ ಅವಳ ಅತ್ತೆ ಹೆದರುತ್ತಾರೆ. ಹಣ್ಣು ತಿಂದರೆ ಎಂತ ಆಗುತ್ತದೆ ಅಂತ ಅಳಿಯ ಕೇಳುತ್ತಾರೆ. ಯಾರ ಮಾತು ಸರಿ?
– ತಾಯಿಯೊಬ್ಬರು, ಕಾರ್ಕಳ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳು ಉಂಟು. ಹೆದರಬೇಕಾದದ್ದು ಸೊನೆಗೆ. 2002ರಲ್ಲಿ ಸಿಂಗಾಪುರದ ಸಂಶೋಧಕರು ಇಲಿಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಹಸಿ ಕಾಯಿಯ ಸೊನೆ ಗರ್ಭಕೋಶ ಬಿಗಿದು ಕುಗ್ಗುವಂತೆ ಮಾಡಿತು, ಪೂರ್ತಿ ಹಣ್ಣಿನ ರಸ ಹಾಗೆ ಮಾಡಲಿಲ್ಲ. ಇಲಿಯ ಫಲಿತಾಂಶವನ್ನು ನೇರ ಮನುಷ್ಯರಿಗೆ ಹೊಂದಿಸಲಾಗದು, ಆದರೂ ಜಾಗ್ರತೆಗೆ ಇಷ್ಟು ಸಾಕು. ಕಾಯಿ ಬೇಡ, ದೋರೆಗಾಯಿ ಅಂತೂ ಬೇಡವೇ ಬೇಡ. ದೋರೆಗಾಯಿಯೇ ಮೋಸ ಮಾಡುವುದು, ಹೊರಗೆ ಹಳದಿ, ತೊಟ್ಟಿನ ಹತ್ತಿರ ಇನ್ನೂ ಹಾಲು. ಪೂರ್ತಿ ಹಣ್ಣಾದದ್ದನ್ನು ನಾಲ್ಕು ಹೋಳು ತಿನ್ನುವ ಬಗ್ಗೆ ಮುಂದಿನ ಭೇಟಿಯಲ್ಲಿ ಅವಳ ಡಾಕ್ಟರನ್ನೇ ಕೇಳಲಿ. ರಬ್ಬರ್ ಗ್ಲೌಸ್ ಹಾಕಿದರೆ ಅವಳಿಗೆ ಮೈ ತುರಿಸುತ್ತದೆ ಎಂದಾದರೆ ಅದನ್ನೂ ಹೇಳಲಿ. ಅಂಥವರಲ್ಲಿ ಕೆಲವರಿಗೆ ಪಪ್ಪಾಯಿಯೂ ಆಗುವುದಿಲ್ಲ. ಅಷ್ಟರವರೆಗೆ ಅತ್ತೆಯ ಹತ್ತಿರ ವಾದ ಬೇಡ. ಸಿ ಜೀವಸತ್ವ ಪೇರಳೆಯಲ್ಲಿ ಇದಕ್ಕಿಂತ ಜಾಸ್ತಿ ಉಂಟು.

ಪ್ರಶ್ನೆ: ಹಿತ್ತಿಲಲ್ಲಿ ಒಂದೇ ಪಪ್ಪಾಯಿ ಮರ. ಮೈತುಂಬ ಹೂ, ಕಾಯಿ ಒಂದೂ ಇಲ್ಲ. ಬುಡಕ್ಕೆ ಮೊಳೆ ಹೊಡೆಯಿರಿ ಅಂತ ಪಕ್ಕದ ಮನೆಯವರು ಹೇಳಿದರು.
– ಓದುಗರೊಬ್ಬರು, ಮಣಿಪಾಲ

ಉತ್ತರ: ಮೊಳೆ ದಂಡ. ಹೂಗಳು ಉದ್ದ ಕಡ್ಡಿಯಲ್ಲಿ ಗೊಂಚಲಾಗಿ ನೇತಾಡುತ್ತಿದ್ದರೆ ಅದು ಗಂಡು ಮರ. ಅಕ್ಕಪಕ್ಕದಲ್ಲಿ ಹೆಣ್ಣು ಮರ ಇದ್ದರೆ ಉಳಿಸಿ, ಹತ್ತು ಹೆಣ್ಣು ಮರಕ್ಕೆ ಒಂದು ಗಂಡು ಸಾಕು. ಇಲ್ಲದಿದ್ದರೆ ಕಡಿದು ಕೂರ್ಗ್ ಹನಿಡ್ಯೂ ಅಥವಾ ರೆಡ್ ಲೇಡಿ ತಳಿಯ ಗಿಡ ತಂದು ನೆಡಿ, ಅವುಗಳಲ್ಲಿ ಗಂಡು ಮರದ ತಾಪತ್ರಯ ಇಲ್ಲ. ಗುಂಡಿಯಲ್ಲಿ ನೆಡಬೇಡಿ, ಮಣ್ಣು ಏರಿಸಿ ದಿಬ್ಬ ಮಾಡಿ ನೆಡಿ. ಬುಡದಲ್ಲಿ ಎರಡು ದಿನ ನೀರು ನಿಂತರೆ ಪಪ್ಪಾಯಿ ಸತ್ತೇ ಹೋಗುತ್ತದೆ.